ಸುಬೇದಾರನಿಗೆ ತಂಪುಗಟ್ಟಿ

ನಮ್ಮೂರಿನ ಟೈಲರ್ ಗೌಸಣ್ಣನ ಹತ್ತಿರ ರವಿಕೆ ಹೊಲಿಯಲು ಕೊಟ್ಟವರು, ಅದು ಯಾವಾಗ ಸಿಗುತ್ತದೆ ಎಂದು ಅವನನ್ನು ಕೇಳುವುದಿಲ್ಲ. ಅಂಗಡಿಯ ಮೆಟ್ಟಿಲ ಮೇಲಿರುವ ಅವನ ನಾಯಿ ರಾಣಿಯನ್ನು ನೋಡುತ್ತಾರೆ. ರಾಣಿ ಮಲಗಿದ್ದರೆ ಒಳಗೆ ಮಿಷನ್ನು ಓಡುತ್ತಿರುತ್ತದೆ. ರಾಣಿ ಎದ್ದಳೋ, ಗೌಸಣ್ಣನೂ ಸ್ಟೂಲು ಬಿಟ್ಟು ಎದ್ದ. ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ನೇತಾಡುತ್ತಿರುತ್ತದೆ. ಅವಳು ಬೀದಿ ಸುತ್ತಿ ಬಂದು ಮತ್ತೆ ಮಲಗುವ ತನಕ ಆ ಮನುಷ್ಯ ನಿಂತುಕೊಂಡೇ ಗುಂಡಿ ಹಾಕುತ್ತಾನೆ, ಕಾಜಾ ಮಾಡುತ್ತಾನೆ, ನಿಂತು ಮಾಡಬಹುದಾದ ಕೆಲಸವೆಲ್ಲ ಮುಗಿದರೆ ನಿಂತು ಬೈಯುತ್ತಾನೆ. ನಮ್ಮಲ್ಲಿ ಎಲ್ಲರ ಪಾಡೂ ಇದೇ. ನಾಯಿ ನಿಂತಿರುವಾಗ ಅದರ ಮನುಷ್ಯನ ಮಂಡಿ ಮಡಿಸುವುದಿಲ್ಲ. ನಮ್ಮ ಕಚೇರಿಗಳ ಮೇಜುಗಳು ಎದೆಮಟ್ಟ ಇವೆ, ಶಾಲೆಯ ಮೇಷ್ಟ್ರು ಕುರ್ಚಿಯನ್ನು ಕೊಡೆ ನೇತುಹಾಕಲು ಇಟ್ಟುಕೊಂಡಿದ್ದಾರೆ. ಹೊರಗಿನವರು ಯಾರಾದರೂ ಬಂದರೆ ಮೊದಲು ಕೂರಲು ಜಾಗ ಹುಡುಕುತ್ತಾರೆ. ಅವರು ಹೊರಗಿನವರೆಂದು ನಮಗೆ ಗೊತ್ತಾಗುವುದೇ ಹಾಗೆ.

ಚಳಿಗಾಲ ಹೇಗೋ ಕಳೆಯುತ್ತದೆ. ನಾಯಿಗಳು ಬಿಸಿಲು ಹುಡುಕಿಕೊಂಡು ಮಲಗುತ್ತವೆ, ಜನ ತಮ್ಮ ತಮ್ಮ ಜಗಲಿಯ ಮೇಲೆ ಕೂತು ಹರಟೆ ಹೊಡೆಯುತ್ತಾರೆ. ಬೇಸಿಗೆ ಬಂತೆಂದರೆ ಎಲ್ಲರ ಕಾಲಿಗೂ ಕೆಟ್ಟ ಕಾಲ. ನೆಲ ಕಾದು ಹೆಂಚಾಗುತ್ತದೆ. ನಾಯಿಗಳು ಒಂದು ಕಡೆ ಹೊಟ್ಟೆ ಊರುವುದಿಲ್ಲ. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ನಾಲಿಗೆ ಚಾಚಿಕೊಂಡು ಅಲೆಯುತ್ತವೆ. ಆಗ ಊರಿಗೆ ನನ್ನ ನೆನಪಾಗುತ್ತದೆ. ನಾನು ವಾರಿಜಾ, ತಂಪುಗಟ್ಟಿ ಮಾಡುವವಳು.

ತಂಪುಗಟ್ಟಿ ಅಂದರೆ ದೊಡ್ಡ ವಿದ್ಯೆಯೇನಲ್ಲ. ಕಳಿತ ಬಾಳೆಹಣ್ಣು ಕಿವುಚುತ್ತೇನೆ, ಸಿಹಿಗುಂಬಳವನ್ನು ಮೆತ್ತಗೆ ಬೇಯಿಸಿ ಮಸೆಯುತ್ತೇನೆ, ತೆಳ್ಳಗಿನ ತೆಂಗಿನಹಾಲು ಬೆರೆಸಿ ಇಡ್ಲಿ ತಟ್ಟೆಯ ಗುಳಿಗಳಿಗೆ ಹೊಯ್ದು ಐಸ್ ಪೆಟ್ಟಿಗೆಯೊಳಗೆ ಇಡುತ್ತೇನೆ. ಸಣ್ಣ ನಾಯಿಗೆ ಇಡ್ಲಿಯಷ್ಟು, ದೊಡ್ಡದಕ್ಕೆ ಚೊಂಬಿನಷ್ಟು. ಕೆಲವು ದಿನ ಬೀಜ ತೆಗೆದ ಕಲ್ಲಂಗಡಿ, ಕೆಲವು ದಿನ ಗೆಣಸು, ಸೌತೆಕಾಯಿ, ತಿಳಿ ರಾಗಿಗಂಜಿ. ಉಪ್ಪಿಲ್ಲ, ಬೆಲ್ಲವಿಲ್ಲ. ದ್ರಾಕ್ಷಿಯನ್ನಂತೂ ನನ್ನ ಅಡುಗೆಮನೆಯ ಹೊಸ್ತಿಲು ದಾಟಿಸುವುದಿಲ್ಲ, ಅದು ನಾಯಿಗೆ ವಿಷ. ಹಾಲು ಹಾಕಿದರೆ ಹೆಚ್ಚಿನವಕ್ಕೆ ಹೊಟ್ಟೆ ಕೆಡುತ್ತದೆ. ನಾಯಿ ಹತ್ತು ಸಲ ಹೊರಗೆ ಓಡಿದರೆ ಅದರ ಯಜಮಾನನೂ ಊಟದ ಎಲೆ ಬಿಟ್ಟು ಹತ್ತು ಸಲ ಏಳಬೇಕು. ಮಾಂಸ, ಮೂಳೆ ಕೊಟ್ಟರೆ ಅದನ್ನು ಹೂತಿಡಲು ಜಾಗ ಹುಡುಕುತ್ತಾ ಊರೆಲ್ಲ ತಿರುಗುತ್ತವೆ. ಹಣ್ಣು ತರಕಾರಿಯ ಗಟ್ಟಿಯನ್ನು ಮಾತ್ರ ಯಾವ ನಾಯಿಯೂ ಹೂಳುವುದಿಲ್ಲ. ನೆಲದ ಮೇಲಿಟ್ಟರೆ ಜಾರುತ್ತದೆ, ಜಾರಿದ್ದನ್ನು ಹಿಡಿಯಬೇಕಾದರೆ ಎರಡು ಮುಂಗಾಲುಗಳ ನಡುವೆ ಒತ್ತಿಕೊಳ್ಳಬೇಕು, ಒತ್ತಿಕೊಳ್ಳಬೇಕಾದರೆ ಮಲಗಲೇಬೇಕು. ಅದು ಕರಗುವಷ್ಟು ಹೊತ್ತು ಮನೆಯಲ್ಲೊಬ್ಬರು ಕೂತು ಊಟ ಮಾಡುತ್ತಾರೆ, ಮಗುವನ್ನು ತೊಡೆಯ ಮೇಲೆ ಹಾಕಿಕೊಳ್ಳುತ್ತಾರೆ, ಸುಮ್ಮನೆ ಕೂತು ಗೋಡೆ ನೋಡುತ್ತಾರೆ.

ನನಗೆ ನಾಯಿಯಿಲ್ಲ. ಅಂದರೆ ನಾನು ಬೇಕಾದಾಗ ಕೂರಬಹುದು. ಆದರೂ ನಾನು ಕೂತದ್ದನ್ನು ಯಾರೂ ನೋಡಿಲ್ಲ. ನಿಂತದ್ದನ್ನೂ ನೋಡಿಲ್ಲ ಎನ್ನಿ. ಗಟ್ಟಿ ಕೊಡಲು ಹೋದರೆ ಹೊಸ್ತಿಲ ಹೊರಗೇ ನಿಂತಲ್ಲಿ ನಿಲ್ಲದೆ ಹೆಜ್ಜೆ ಬದಲಿಸುತ್ತಾ, ತಟ್ಟೆ ಇಟ್ಟು ಮಾತು ಮುಗಿಯುವ ಮುಂಚೆ ಬೀದಿಯ ಆ ಕೊನೆ ಸೇರಿರುತ್ತೇನೆ. "ವಾರಿಜಮ್ಮನ ಕಾಲಿಗೆ ಚಕ್ರ ಇದೆ" ಎಂದು ಗೌಸಣ್ಣ ನಗುತ್ತಾನೆ. ಚಕ್ರವಲ್ಲ, ಭಯ. ನಮ್ಮಲ್ಲಿ ನಾಯಿಯನ್ನು ಯಾರೂ ತರುವುದಿಲ್ಲ. ನಾಯಿಯೇ ಬಂದು, ನಿಶ್ಚಲವಾಗಿ ನಿಂತವರ ಪಾದದ ಮೇಲೆ ತನ್ನ ಮುಂಗಾಲು ಇಡುತ್ತದೆ. ಇಟ್ಟ ಮೇಲೆ ಮುಗಿಯಿತು, ನೀವು ಅದರವರು. ಅಲ್ಲಾಡುವ ಪಾದದ ಮೇಲೆ ಅದು ಕಾಲಿಡುವುದಿಲ್ಲ. ಹಾಗಾಗಿ ನಾನು ಅಲ್ಲಾಡುತ್ತಲೇ ಇರುತ್ತೇನೆ.

ಮೊದಲು ನನಗೂ ಒಬ್ಬಳಿದ್ದಳು. ಚಿಗುಳಿ ಎಂದು ಹೆಸರು, ಎಳ್ಳಿನ ಬಣ್ಣದವಳು, ಮಹಾ ಹಟಮಾರಿ. ನನ್ನ ಮದುವೆಯ ದಿನ ಧಾರೆಯ ಹೊತ್ತಿಗೆ ಹಸೆಮಣೆಯ ಮುಂದೆ ಬಂದು ನಿಂತವಳು ಮುಹೂರ್ತ ಮೀರಿದರೂ ಮಲಗಲಿಲ್ಲ. ಗಂಡಿನವರು ಹೊರಗಿನವರು, ನಿಂತೇ ಇರುವ ಹೆಣ್ಣನ್ನು ನೋಡಿ ನೋಡಿ ಬೇಸತ್ತು ಬಸ್ಸು ಹತ್ತಿದರು. ಬಸ್ಸು ಹೊರಟ ಶಬ್ದ ಕೇಳಿದ್ದೇ ತಡ, ಚಿಗುಳಿ ಆಕಳಿಸಿ ಮಲಗಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಿಜ ಹೇಳಬೇಕೆಂದರೆ ಗಂಡಿನ ಮೂಗು ನನಗೂ ಹಿಡಿಸಿರಲಿಲ್ಲ. ಸಿಟ್ಟು ಬಂದದ್ದು ಅವಳು ಸತ್ತಾಗ. ನಾಯಿ ನಿಂತರೆ ಕೂರಲಾಗದು, ಸರಿ. ಅದು ಮತ್ತೆ ಏಳದ ಹಾಗೆ ಮಲಗಿಬಿಟ್ಟರೆ ಅದರ ಮನುಷ್ಯ ಏಳಲಾರ. ಒಂದು ಇಡೀ ಮಳೆಗಾಲ ನಾನು ಹಿತ್ತಲ ಬಾಗಿಲಲ್ಲಿ, ಅವಳು ಮಲಗಿದ್ದ ಗೋಣಿಯ ಪಕ್ಕದಲ್ಲಿ, ಕೂತಲ್ಲೇ ಕೂತಿದ್ದೆ. ಕೆಲವರಿಗೆ ವಾರದಲ್ಲಿ ಬಿಡುತ್ತದೆ, ಕೆಲವರಿಗೆ ಬಿಡುವುದೇ ಇಲ್ಲ. ನನ್ನ ತಂಗಿ ಕುಮುದಾ ಪಕ್ಕದ ಬೀದಿಯಿಂದ ಬಂದು ಅನ್ನ ಕಲಸಿ ಬಾಯಿಗಿಟ್ಟಳು, ಕೂತಲ್ಲೇ ಮೀಯಿಸಿದಳು, ತಲೆ ಬಾಚಿದಳು. ಒಂದು ದಿನ ಬಿಸಿಲು ಬಂತು, ನಾನು ಎದ್ದೆ. ಎದ್ದವಳೇ, ಇನ್ನು ಜನ್ಮದಲ್ಲಿ ಯಾವ ನಾಯಿಗೂ ಪಾದ ಕೊಡುವುದಿಲ್ಲ ಎಂದು ಅವಳ ಎದುರಿಗೇ ಹೇಳಿದೆ.

"ಆಯ್ತು ಬಿಡಕ್ಕ, ಯಾರು ಕೊಡು ಅಂದೋರು?" ಎಂದಳು ಕುಮುದಾ. ಅವಳ ನಾಯಿ ಸುಬೇದಾರ ಆಗ ಅವಳ ಕಾಲಡಿಯಲ್ಲಿ ಸೊಗಸಾಗಿ ನಿದ್ದೆ ಹೊಡೆಯುತ್ತಿದ್ದ.

ಸುಬೇದಾರನಂಥ ನಾಯಿ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಊರಿಗೆ ಊರೇ ಹೇಳುತ್ತಿತ್ತು. ಕರೀ ಮೈ, ದಪ್ಪ ಮೀಸೆ, ಮಲಗುವುದೇ ಉದ್ಯೋಗ. ಕುಮುದಾ ದಿನವೆಲ್ಲ ಕೂತು ಹೂ ಕಟ್ಟುತ್ತಿದ್ದಳು, ಸಿನಿಮಾವನ್ನು ಪೂರ್ತಿ ಕೂತು ನೋಡಿ ಬರುತ್ತಿದ್ದಳು. ಅವಳು ಬಸುರಿಯಾದಾಗಲೂ ನಮಗೆ ಚಿಂತೆಯಿರಲಿಲ್ಲ. ಆರು ತಿಂಗಳು ದಾಟಿದ ಮೇಲೆ, ಸೆಕೆ ಏರುತ್ತಿದ್ದ ಒಂದು ಬೆಳಿಗ್ಗೆ, ಸುಬೇದಾರ ಎದ್ದು ನಿಂತ. ನಿಂತವನು ಮಲಗಲಿಲ್ಲ. ಮರುದಿನವೂ ಅಷ್ಟೇ. ರಾತ್ರಿ ಅರೆಗಳಿಗೆ ತಲೆ ಊರಿ, ಕುಮುದಾ ಇನ್ನೇನು ಕಣ್ಣು ಮುಚ್ಚಬೇಕು ಅನ್ನುವಷ್ಟರಲ್ಲಿ ಮತ್ತೆ ಎದ್ದು ನಿಲ್ಲುತ್ತಿದ್ದ. ವಾರ ಕಳೆಯುವುದರೊಳಗೆ ಅವಳ ಪಾದ ಬಾತು ಚಪ್ಪಲಿಗೆ ಹಿಡಿಸದಾಯಿತು. ಡಾಕ್ಟ್ರಮ್ಮ ಬಂದು ನೋಡಿ, ಅವಳನ್ನು ಮಲಗಿಸಲೇಬೇಕು, ಇಲ್ಲದಿದ್ದರೆ ಮಗು ಉಳಿಯುವುದು ಕಷ್ಟ ಎಂದರು. ಅವರೂ ಅದನ್ನು ನಿಂತೇ ಹೇಳಿದರು.

"ನಾನಿರುವಾಗ ಸುಬೇದಾರ ಮಲಗದೆ ಇರ್ತಾನಾ?" ಎಂದೆ ನಾನು. ಜಂಬ ಅಂದರೆ ಜಂಬವೇ. ನನ್ನ ಗಟ್ಟಿಗೆ ಬಗ್ಗದ ನಾಯಿ ಈ ಊರಿನಲ್ಲಿ ಇರಲಿಲ್ಲ.

ಮೊದಲು ಬಾಳೆಹಣ್ಣು ಕುಂಬಳದ್ದು ಚೊಂಬಿನ ಗಾತ್ರದಲ್ಲಿ ಒಯ್ದೆ. ಸುಬೇದಾರ ನಿಂತೇ ನೆಕ್ಕಿದ. ಗಟ್ಟಿ ಜಾರಿ ಗೋಡೆಯ ಮೂಲೆ ಸೇರಿತು, ಅವನೂ ಮೂಲೆಗೆ ಹೋಗಿ ನಿಂತು ನೆಕ್ಕಿದ. ಕಲ್ಲಂಗಡಿಯದು ತಂದೆ. ತೆಂಗಿನಹಾಲಿಗೆ ಗೆಣಸು ಹಾಕಿ, ಅಂಚು ನುಣುಪಾಗಿಸಿ, ಕಾಲಲ್ಲಿ ಹಿಡಿಯದೆ ಗತ್ಯಂತರವಿಲ್ಲದ ಹಾಗೆ ಚೆಂಡಿನಂತೆ ಕಟ್ಟಿ ತಂದೆ. ಚೆಂಡು ಮನೆಯಿಡೀ ಉರುಳಿತು, ಅವನು ಮನೆಯಿಡೀ ಅದರ ಹಿಂದೆ ನಡೆದ. ಕುಮುದಾ ಗೋಡೆಗೆ ಬೆನ್ನು ಕೊಟ್ಟು ನೋಡುತ್ತಾ ನಕ್ಕಳು. ನಗುವಾಗ ಅವಳ ತುಟಿ ನಡುಗುತ್ತಿತ್ತು. ಅವಳ ಗಂಡ ತಿರುಮಲೇಶ ತಾಳ್ಮೆಗೆಟ್ಟು ಸುಬೇದಾರನ ಸೊಂಟ ಹಿಡಿದು ಒತ್ತಿ ಮಲಗಿಸಿದ. ನಾಯಿ ಮಲಗಿತು, ಕುಮುದಾ ನಿಂತೇ ಇದ್ದಳು. ತಾನಾಗಿ ಮಲಗದ್ದು ಮಲಗಿದ ಲೆಕ್ಕಕ್ಕೆ ಬರುವುದಿಲ್ಲ, ಅದು ಅವನಿಗೂ ಗೊತ್ತು. ಸುಮ್ಮನೆ ಕೂರಲಾರದೆ ಮಾಡಿದ, ಅಷ್ಟೇ.

ನನಗೆ ಹುಚ್ಚು ಹಿಡಿದಂತಾಯಿತು. ಮನೆಗೆ ಓಡುವುದು, ಕುಂಬಳ ಕೊಚ್ಚುವುದು, ಪೆಟ್ಟಿಗೆಯೊಳಗೆ ಗಟ್ಟಿ ಕಟ್ಟುವ ತನಕ ಅದರ ಮುಂದೆ ಶತಪಥ ತಿರುಗುವುದು, ಮುಚ್ಚಳ ತೆಗೆದು ಬೆರಳಿಂದ ಒತ್ತಿ ನೋಡುವುದು, ಮತ್ತೆ ಮುಚ್ಚುವುದು. ಊರಿನ ಉಳಿದ ನಾಯಿಗಳಿಗೆ ಗಟ್ಟಿ ಹೋಗಲಿಲ್ಲ. ಮೇಷ್ಟ್ರು ಬೈದರು, ಕಚೇರಿಯವರು ಬೈದರು. ಅವರಿಗೆ ಕೂರಲು ಒಂದು ಬೇಸಿಗೆ ಇಲ್ಲದಿದ್ದರೆ ಇನ್ನೊಂದಿದೆ. ಸೌತೆಕಾಯಿ, ಪುದಿನ, ಸೇಬು, ಬಟಾಣಿ, ಕ್ಯಾರೆಟ್ಟು, ಒಂದನ್ನೂ ಬಿಡಲಿಲ್ಲ. ಕುಮುದಾಳ ಮನೆಯ ನೆಲ ಕರಗಿದ ಬಣ್ಣಗಳಿಂದ ಅಂಟಂಟಾಯಿತು.

ಆ ದಿನ ಗೌಸಣ್ಣ ಬಸುರಿಗೆ ಸಡಿಲ ಅಂಗಿ ಹೊಲಿದು ತಂದುಕೊಟ್ಟಿದ್ದ. ಬಾಗಿಲಲ್ಲಿ ನಿಂತು, ಸುಬೇದಾರ ನನ್ನ ಸೇಬಿನ ಗಟ್ಟಿ ನೆಕ್ಕುವುದನ್ನು ಬಟ್ಟೆ ಅಳೆಯುವವನ ಹಾಗೆ ಮೇಲಿಂದ ಕೆಳಗೆ ನೋಡಿದ.

"ವಾರಿಜಮ್ಮ, ಒಂದು ಮಾತು. ಬೇಜಾರು ಮಾಡ್ಕೋಬೇಡಿ."

"ಹೇಳು ಗೌಸಣ್ಣ."

"ನೀವು ರುಚಿ ಬದಲಾಯಿಸ್ತಾನೇ ಇದೀರ. ಅವನು ನಾಲಗೇಲಿ ಐಸು ನೆಕ್ತಾನೆ, ಕಣ್ಣಲ್ಲಿ ನಿಮ್ಮ ಕಾಲು ನೋಡ್ತಾನೆ. ನೀವು ಆ ಕಡೆ ಹೋದ್ರೆ ಆ ಕಡೆ, ಈ ಕಡೆ ಬಂದ್ರೆ ಈ ಕಡೆ."

ನಾನು ಕೆಳಗೆ ನೋಡಿದೆ. ಸುಬೇದಾರನ ಮೂತಿ ಗಟ್ಟಿಯ ಮೇಲಿತ್ತು, ದೃಷ್ಟಿ ನನ್ನ ಹೆಬ್ಬೆರಳ ಮೇಲಿತ್ತು. ಒಂದು ಮುಂಗಾಲು ಸ್ವಲ್ಪ ಮೇಲೆದ್ದಿತ್ತು. ನಾನು ಹಾವು ತುಳಿದವಳಂತೆ ಹಿಂದಕ್ಕೆ ಹಾರಿದೆ. ಒಂದು ನಾಯಿ ತನ್ನವರನ್ನು ಬಿಟ್ಟು ಇನ್ನೊಬ್ಬರ ಪಾದ ಹುಡುಕುವುದು ನಮ್ಮಲ್ಲಿ ಅಪರೂಪ. ಅಪರೂಪವೇ ಹೊರತು ಇಲ್ಲದ್ದೇನಲ್ಲ. ಅಜ್ಜಿಯರ ಬಾಯಲ್ಲಿ ಅಂಥ ಕಥೆಗಳಿವೆ.

"ಅವನಿಗೆ ಕಾಲು ಬೇಕಾದ್ರೆ ಇವಳ ಗಂಡನ ಕಾಲು ಇಲ್ವಾ?" ಎಂದು ಕೂಗಿದೆ. ತಿರುಮಲೇಶನಿಗೆ ನಾಯಿಯಿರಲಿಲ್ಲ. ಪಾಪ, ಅವನು ಆಗಲೇ ಕಾಲು ತೊಳೆದುಕೊಂಡು ಬಂದು ಸುಬೇದಾರನ ಮುಂದೆ ಎರಡೂ ಪಾದ ಜೋಡಿಸಿ ನಿಂತ. ಉಸಿರು ಕೂಡ ಜೋರಾಗಿ ಬಿಡಲಿಲ್ಲ. ಪಾದದ ಮೇಲೆ ಸ್ವಲ್ಪ ಬಾಳೆಹಣ್ಣನ್ನೂ ಸವರಿಕೊಂಡ. ಸುಬೇದಾರ ಅದನ್ನು ಮರ್ಯಾದೆಯಿಂದ ನೆಕ್ಕಿ ಸ್ವಚ್ಛ ಮಾಡಿ, ಅವನನ್ನು ಬಳಸಿಕೊಂಡು ಬಂದು ಮತ್ತೆ ನನ್ನ ಎದುರು ನಿಂತ.

ನಾನು ತಟ್ಟೆ ಅಲ್ಲೇ ಬಿಟ್ಟು ಮನೆಗೆ ಬಂದುಬಿಟ್ಟೆ. ಆಮೇಲೆ ಗಟ್ಟಿಯನ್ನು ತಿರುಮಲೇಶನ ಕೈಯಲ್ಲೇ ಕಳಿಸಿದೆ. ಸುಬೇದಾರ ಬಿಡಬೇಕಲ್ಲ! ಮಧ್ಯಾಹ್ನದ ಸುಡುಬಿಸಿಲಲ್ಲಿ ಬೀದಿ ದಾಟಿ ಬಂದು ನನ್ನ ಹೊಸ್ತಿಲಲ್ಲಿ ನಿಂತ. ಬೊಗಳಲಿಲ್ಲ, ಬಾಗಿಲು ಕೆರೆಯಲಿಲ್ಲ, ನಿಂತ ಅಷ್ಟೇ. ನಾನು ಒಳಗೆ ಅಡುಗೆಮನೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ ಓಡಾಡಿದೆ. ಕಿಟಕಿಯಿಂದ ಇಣುಕಿದರೆ ಅವನ ಮೂತಿಯಲ್ಲಿ ಬಿಳಿಕೂದಲು ಕಂಡಿತು. ಚಿಗುಳಿಯ ಮೂತಿಯೂ ಕೊನೆಯ ವರ್ಷ ಹಾಗೇ ಆಗಿತ್ತು. ಇವನಿಗೆ ಇನ್ನೆಷ್ಟು ಬೇಸಿಗೆ ಉಳಿದಿದ್ದಾವು? ಆಮೇಲೆ ಮತ್ತೆ ಆ ಗೋಣಿ, ಆ ಬಾಗಿಲು, ಕೂತಲ್ಲೇ ಕೊಳೆಯುವ ಮಳೆಗಾಲ. ಈ ಸಲ ಏಳದೆಯೇ ಹೋದರೆ? ಇದೆಲ್ಲ ಯೋಚಿಸುತ್ತಾ ಕುಂಬಳ ಕೊಚ್ಚುತ್ತಲೇ ಇದ್ದೆ. ಅವನು ಇಲ್ಲಿ ನಿಂತಿರುವಷ್ಟು ಹೊತ್ತೂ ಅಲ್ಲಿ ನನ್ನ ತಂಗಿ ನಿಂತಿದ್ದಾಳೆ ಎಂಬುದು ನೆನಪಾದಾಗಲೆಲ್ಲ ಚಾಕು ಬೆರಳಿಗೆ ತಾಗುತ್ತಿತ್ತು.

ಸಂಜೆಯಾಗುವ ಮುಂಚೆ ತಿರುಮಲೇಶ ಏದುಸಿರು ಬಿಡುತ್ತಾ ಬಂದ. ಅವನನ್ನು ನೋಡಿ ಸುಬೇದಾರ ಬಾಗಿಲಿಂದ ಪಕ್ಕಕ್ಕೆ ಸರಿದು ಜಾಗ ಕೊಟ್ಟ.

"ಅತ್ತಿಗೆ, ಅವಳು ನಿಂತಲ್ಲೇ ಜ್ಞಾನ ತಪ್ತಿದ್ದಾಳೆ. ನಿಮ್ಮನ್ನ ಕರೀಬೇಡ ಅಂತ ಆಣೆ ಹಾಕಿಸ್ಕೊಂಡಿದಾಳೆ. ನಾನು ಆಣೆ ಮುರಿದು ಬಂದಿದೀನಿ."

ಕೈಗೆ ಸಿಕ್ಕ ಗಟ್ಟಿಯೊಂದನ್ನು ಪಾತ್ರೆಗೆ ಹಾಕಿಕೊಂಡು ಓಡಿದೆ. ಸುಬೇದಾರ ನನ್ನ ಪಕ್ಕದಲ್ಲೇ ಓಡಿಬಂದ, ಒಂದು ಹೆಜ್ಜೆ ಹಿಂದಿಲ್ಲ, ಒಂದು ಹೆಜ್ಜೆ ಮುಂದಿಲ್ಲ.

ನಡುಮನೆಯ ತೊಲೆಗೆ ಸೀರೆ ಕಟ್ಟಿ, ಅದರ ಮಡಿಕೆಯನ್ನು ಕುಮುದಾಳ ಕಂಕುಳಡಿಯಿಂದ ಹಾಯಿಸಿದ್ದರು. ಮಗುವಿಗೆ ತೊಟ್ಟಿಲು ಕಟ್ಟಬೇಕಾದ ತೊಲೆಯಲ್ಲಿ ತಾಯಿ ನೇತಾಡುತ್ತಿದ್ದಳು. ಮಂಡಿಗಳು ಮಾತ್ರ ನೆಟ್ಟಗೆ ನಿಂತಿದ್ದವು. ಮುಖ ಬೂದಿಯಾಗಿತ್ತು, ಪಾದ ನೋಡುವ ಹಾಗಿರಲಿಲ್ಲ. ಡಾಕ್ಟ್ರಮ್ಮ ನಾಡಿ ಹಿಡಿದುಕೊಂಡು ನನ್ನನ್ನು ನೋಡಿದರು.

"ಯಾಕೆ ಬಂದೆ?" ಎಂದಳು ಕುಮುದಾ ಕಣ್ಣು ಬಿಟ್ಟು.

"ಗೆಣಸಿನದು ತಂದಿದೀನಿ. ಹೊಸಾ ಥರ ಮಾಡಿದೀನಿ. ಈ ಸಲ ಮಲಗ್ತಾನೆ ನೋಡು."

"ಅವನಿಗೆ ಗೆಣಸು ಬೇಡ ಕಣೇ ಅಕ್ಕ. ನನಗೆ ಮೊದಲ ದಿನವೇ ಗೊತ್ತಿತ್ತು. ನನ್ನೊಳಗೆ ಈಗ ಇಬ್ಬರಿದೀವಿ. ಅವನಿಗೆ ಒಬ್ಬರು ಸಾಕು, ಅದಕ್ಕೇ ನಿನ್ನ ಪಾದ ಹುಡುಕ್ತಾನೆ."

"ಗೊತ್ತಿದ್ದೂ ಹೇಳಲಿಲ್ವಾ?"

"ಹೇಗೆ ಹೇಳ್ಲಿ? ನಿನ್ನ ತಲೆ ಬಾಚಿದೋಳು ನಾನು. ನೀನು ಆ ಬಾಗಿಲಲ್ಲಿ ಹೇಗೆ ಕೂತಿದ್ದೆ ಅಂತ ನಾನು ನೋಡಿದೀನಿ. ಹೊರಡು, ಹೋಗು. ಕಾಲು ಆಡಿಸ್ತಾ ಇರು, ನಿಲ್ಲಬೇಡ."

ನಾನು ಆಗಲೂ ಕಾಲು ಆಡಿಸುತ್ತಲೇ ಇದ್ದೆ. ಎಡ, ಬಲ, ಎಡ, ಬಲ. ಸುಬೇದಾರ ನನ್ನ ಎದುರಿಗೆ ಬಂದು ತಲೆ ತಗ್ಗಿಸಿ ಕಾಯುತ್ತಿದ್ದ. ಅವನ ಕಾಲುಗಳೂ ನಡುಗುತ್ತಿದ್ದವು. ಇಷ್ಟು ದಿನ ಅವನೂ ನಿಂತವನೇ ಎಂದು ನನಗೆ ಹೊಳೆದದ್ದು ಆಗ. ಕೈಯಲ್ಲಿದ್ದ ಪಾತ್ರೆಯಿಂದ ಗೆಣಸಿನ ತಂಪು ನೀರು ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಎಷ್ಟೋ ವರ್ಷದಿಂದ ಆಡುತ್ತಿದ್ದ ಕಾಲನ್ನು ನಿಲ್ಲಿಸುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಬಲಗಾಲು ನಿಂತರೆ ಎಡಗಾಲು ಓಡುತ್ತಿತ್ತು, ಎಡಗಾಲನ್ನು ಊರಿದರೆ ಹಿಮ್ಮಡಿ ಏಳುತ್ತಿತ್ತು. ಕುಮುದಾಳ ಸೀರೆಯ ಗಂಟು ತೊಲೆಯಲ್ಲಿ ಕಿರ್ರ್ ಎಂದಿತು. ನನಗೆ ಅಳು ಬಂತು. ಅಳುವಾಗ ಮನುಷ್ಯರು ತಮಗೆ ಗೊತ್ತಿಲ್ಲದೆ ನಿಂತುಬಿಡುತ್ತಾರೆ.

ಸುಬೇದಾರ ಮುಂಗಾಲು ಎತ್ತಿ ನನ್ನ ಪಾದದ ಮೇಲಿಟ್ಟ. ಬೆಚ್ಚಗಿತ್ತು, ಒರಟಾಗಿತ್ತು, ನಾನು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು.

ಕುಮುದಾಳ ಮಂಡಿ ಮಡಿಸಿತು. ತಿರುಮಲೇಶನೂ ಡಾಕ್ಟ್ರಮ್ಮನೂ ಅವಳನ್ನು ಸೀರೆಯಿಂದ ಬಿಡಿಸಿ ಚಾಪೆಯ ಮೇಲೆ ಮಲಗಿಸಿದರು. ಅವಳು "ಅಮ್ಮಾ" ಎಂದು ಬಿಟ್ಟ ಉಸಿರು ಬೀದಿಗೆ ಕೇಳಿರಬೇಕು. ಡಾಕ್ಟ್ರಮ್ಮ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಆಲಿಸಿ, ತಲೆಯಾಡಿಸಿ, ಮೊದಲ ಸಲ ನಕ್ಕರು. ನನ್ನ ಮಂಡಿಗಳು ಕಲ್ಲಾಗಿದ್ದವು. ಹಳೆಯ ಪರಿಚಯದ ಕಲ್ಲು. ನಾನು ಕಷ್ಟಪಟ್ಟು ಬಾಗಿ ಗಟ್ಟಿಯನ್ನು ನೆಲಕ್ಕೆ ಜಾರಿಸಿದೆ. ಸುಬೇದಾರ ಅದನ್ನು ಮೂಸಿದ, ನನ್ನ ಮುಖ ನೋಡಿದ, ಎರಡು ಸುತ್ತು ಸುತ್ತಿ ಧೊಪ್ಪನೆ ಮಲಗಿ, ಗಟ್ಟಿಯನ್ನು ಮುಂಗಾಲುಗಳ ನಡುವೆ ಒತ್ತಿಕೊಂಡ. ನಾನು ತಂಗಿಯ ಚಾಪೆಯ ಅಂಚಿನಲ್ಲಿ ಕೂತೆ. ಊರಿನ ನಾಯಿಗಳನ್ನೆಲ್ಲ ಮಲಗಿಸಿದವಳಿಗೆ, ನನ್ನ ಗಟ್ಟಿ ಕರಗುವಷ್ಟು ಹೊತ್ತು ಕೂರುವುದು ಹೇಗಿರುತ್ತದೆಂದು ಗೊತ್ತಾದದ್ದು ಆವತ್ತೇ. ಬಹಳ ಚಿಕ್ಕ ಹೊತ್ತು ಅದು. ಜನ ನನಗೆ ಯಾಕಷ್ಟು ಕೈಮುಗಿಯುತ್ತಿದ್ದರೆಂದು ಅರ್ಥವಾಯಿತು.

ಕುಮುದಾ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಹುಡುಕಿ ಹಿಡಿದಳು. "ಮುಂದೆ ಯಾವತ್ತಾದ್ರೂ ನೀನು ಏಳೋಕಾಗ್ದೆ ಕೂತ್ರೆ, ನಾನೇ ಅನ್ನ ಕಲಸಿ ಕೊಡ್ತೀನಿ" ಎಂದಳು.

"ತಲೆ ಬಾಚೋದು ಬೇಡ, ಎಳೀತೀಯ" ಎಂದೆ.

"ಅದಕ್ಕೆ ಅಷ್ಟೊತ್ತಿಗೆ ಇನ್ನೊಬ್ಬಳಿರ್ತಾಳೆ" ಎಂದವಳು ಮಾತಿನ ಕೊನೆಯಲ್ಲೇ ನಿದ್ದೆಹೋದಳು. ಅವಳ ಕೈ ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಸುಬೇದಾರ ನೆಲದ ಮೇಲೆ ಉಳಿದಿದ್ದ ಕೊನೆಯ ಹನಿಯನ್ನೂ ನೆಕ್ಕಿ, ಬಿಳಿ ಮೂತಿ ಒರೆಸಿಕೊಂಡು, ಮೈಮುರಿದು ಎದ್ದ. ನಾನೂ ಎದ್ದೆ.